ಕಾಕಾನ ಲೆನ್ಸು, ತಮ್ಮನ ಇಎಂಐ

ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾದ ಲೆನ್ಸನ್ನು ಅಡಾಪ್ಟರ್ ಹಾಕಿ ಹೊಸ ಬಾಡಿಗೆ ಕೂಡಿಸೋದಾ, ಅಥವಾ ಅದೇ ಅಳತೆಯ ಹೊಸ ಲೆನ್ಸೇ ಕೊಳ್ಳೋದಾ? ಬೆಂಗಳೂರಿನಲ್ಲಿ ಕಾಫಿ ಕುಡೀತಾ ಮಾತಾಡುವಾಗ ಇದು ಶೋಕಿಯವರ ಪ್ರಶ್ನೆ. ಗೋಕಾಕ ತಾಲೂಕಿನ ನಮ್ಮೂರು ಮೇಲವಂಕಿಯಿಂದ ಬಂದಾಗ ಅದು ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು.

ಕಾಕಾನ ಮಗ ಎರಡು ವರ್ಷದಿಂದ ಮದುವೆ ಫೋಟೋ ತೆಗೀತಾನೆ. ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ತಾಲೂಕೇ ಅವನ ಮಾರುಕಟ್ಟೆ. ಕಳೆದ ಸೀಜನ್ನಿನ ದುಡಿಮೆಯಲ್ಲಿ ಸೆಕೆಂಡ್ ಹ್ಯಾಂಡ್ ಸೋನಿ ಫುಲ್‌ಫ್ರೇಮ್ ಬಾಡಿ ಕೊಂಡ. ಜೊತೆಗೆ ಬಂದ ಜೂಮ್ ಲೆನ್ಸು ಹಗಲಿಗೆ ಸಾಕು, ರಾತ್ರಿಯ ಮಂಟಪಕ್ಕೆ ಸಾಲದು. ಎಫ್ 5.6ರ ಬದಲು ಎಫ್ 2 ಇದ್ದರೆ ಒಳಗೆ ಬರೋ ಬೆಳಕು ಎಂಟು ಪಟ್ಟು. ಹಾಗಾಗಿ 50 ಎಂಎಂ ಲೆನ್ಸು ಬೇಕೇ ಬೇಕು. ಕಾಕಾ ಮಾತ್ರ ಕಬ್ಬಿನ ಬಿಲ್ಲು ಕೈಗೆ ಬರೋತನಕ ಹೊಸ ಸಾಲದ ಮಾತೇ ಬ್ಯಾಡ ಅಂತ ಕೂತಿದ್ದರು. ಆಗ ತಮ್ಮನ ವಾಯ್ಸ್ ಮೆಸೇಜ್ ಬಂತು.

“ಅಣ್ಣಾ, ಅಪ್ಪನ ಟ್ರಂಕಿನ್ಯಾಗ ರಷ್ಯಾದ ಕ್ಯಾಮೆರಾ ಐತಲ್ಲ, ಅದರ ಲೆನ್ಸು ಇದಕ್ಕ ಕೂಡ್ತೈತಂತ. ಅಡಾಪ್ಟರ್ ಒಂದು ತಗೊಂಡ್ರ ಸಾಕಂತ. ಹಂಗಾರ ಇಎಂಐ ಯಾಕ ಕಟ್ಟಬೇಕು? ಹನ್ನೊಂದು ಮದುವಿ ಒಪ್ಕೊಂಡೀನಿ, ಲಗೂನ ಹೇಳು.”

ಹನ್ನೊಂದು ಮನೆಯವರ ಮುಂಗಡ ಅವನ ಕೈಯಲ್ಲಿ. ಬಾಯಿಗೆ ಬಂದ ಉತ್ತರ ಕೊಡೋ ವಿಷಯ ಇದಲ್ಲ. ದೀಪಾವಳಿಗೆ ಊರಿಗೆ ಹೋಗುವಾಗ ಅಡಾಪ್ಟರ್ ಒಯ್ದೆ. ಗೆಳೆಯನಿಂದ ಹೊಸ ಸೋನಿ 50 ಎಂಎಂ ಎಫ್ 1.8 ಲೆನ್ಸನ್ನೂ ಎರವಲು ತಗೊಂಡೆ. ಎರಡು ದಿನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು.

ಯಾಕೆ ಕೂಡುತ್ತೆ?

ಕಾಕಾನ ಕ್ಯಾಮೆರಾ ಜೋರ್ಕಿ-4. ಮಾಸ್ಕೋ ಹತ್ತಿರದ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆಯಲ್ಲಿ 1956ರಿಂದ 1973ರವರೆಗೆ ತಯಾರಾದ ಮಾದರಿ. ಅದರ ಲೆನ್ಸು ಜೂಪಿಟರ್-8, 50 ಎಂಎಂ ಎಫ್ 2. ಮೂಲದಲ್ಲಿ ಇದು ಜರ್ಮನಿಯ ಜೈಸ್ ಕಂಪನಿಗೆ ಲುಡ್ವಿಗ್ ಬೆರ್ಟೆಲೆ ರೂಪಿಸಿದ ಸೊನ್ನಾರ್ ವಿನ್ಯಾಸ. ಎರಡನೇ ಮಹಾಯುದ್ಧದ ನಂತರ ಅದು ಸೋವಿಯತ್ ಕಾರ್ಖಾನೆಗಳ ಪಾಲಾಯಿತು. ಮೂರು ಗುಂಪಿನಲ್ಲಿ ಆರು ಗಾಜು, ಅಲ್ಯೂಮಿನಿಯಂ ಮೈ, ಅಂಗೈಯೊಳಗೆ ಮುಚ್ಚಿಕೊಳ್ಳುವಷ್ಟು ಸಣ್ಣದು.

ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನಾವು ಲೆನ್ಸಿನ ಮೂಲಕ ನೋಡೋದಿಲ್ಲ, ಪಕ್ಕದ ಕಿಂಡಿಯಿಂದ ನೋಡ್ತೀವಿ. ಕಿಂಡಿಯಲ್ಲಿ ಎರಡೆರಡಾಗಿ ಕಾಣುವ ಚಿತ್ರ ಒಂದಾದರೆ ಫೋಕಸ್ ಆಯಿತು ಅಂತ ಅರ್ಥ. ಲೆನ್ಸಿನ ಹಿಂದೆ ಮೇಲೆ ಕೆಳಗೆ ಹಾರುವ ಕನ್ನಡಿ ಇಲ್ಲದ್ದರಿಂದ ಲೆನ್ಸು ಫಿಲ್ಮಿನ ಹತ್ತಿರವೇ ಕೂರಬಹುದು. ಈ ಎಂ39 ತಿರುಪಿನ ಲೆನ್ಸಿಗೂ ಫಿಲ್ಮಿಗೂ ಇರಬೇಕಾದ ಅಂತರ 28.8 ಮಿಲಿಮೀಟರ್. ಲೈಕಾ ಎಂ ಮೌಂಟಿಗಾದರೆ 27.8.

ಈಗಿನ ಮಿರರ್‌ಲೆಸ್‌ನಲ್ಲೂ ಕನ್ನಡಿ ಇಲ್ಲ. ಈ ಅಂತರ ಸೋನಿ ಇ ಮೌಂಟಿನಲ್ಲಿ 18 ಮಿಲಿಮೀಟರ್, ನಿಕಾನ್ ಝಡ್‌ನಲ್ಲಿ 16, ಕ್ಯಾನನ್ ಆರ್‌ಎಫ್‌ನಲ್ಲಿ 20. ಸೋನಿಗೆ ಉಳಿಯೋ ಜಾಗ 10.8 ಮಿಲಿಮೀಟರ್. ಅಷ್ಟು ದಪ್ಪದ ಲೋಹದ ಬಳೆಯೇ ಅಡಾಪ್ಟರ್. ಒಳಗೆ ಗಾಜಿಲ್ಲ, ಮೋಟರಿಲ್ಲ. ಹೊಲದ ಪೈಪಿಗೆ ಸಾಕೆಟ್ ಹಾಕಿದ ಹಾಗೆ. ಹಳೆಯ ನಿಕಾನ್ ಡಿಎಸ್‌ಎಲ್‌ಆರ್‌ನಲ್ಲಿ ಈ ಅಂತರ 46.5 ಮಿಲಿಮೀಟರ್ ಇರೋದರಿಂದ ಅಲ್ಲಿ ಈ ಲೆನ್ಸು ಕೂರೋದೇ ಇಲ್ಲ. ಕೂರಿಸಿದರೂ ದೂರದ್ದು ಫೋಕಸ್ ಆಗಲ್ಲ.

ಇನ್ನೊಂದು ಮಾತು. ನಮ್ಮ ಮನೆಗಳಲ್ಲಿ ಸಿಗೋ ರೇಂಜ್‌ಫೈಂಡರುಗಳಲ್ಲಿ ಯಾಶಿಕಾ ಎಲೆಕ್ಟ್ರೋ 35 ರೀತಿಯವೂ ಇರುತ್ತವೆ. ಅವುಗಳ ಲೆನ್ಸು ಬಾಡಿಗೇ ಅಂಟಿಕೊಂಡಿರುತ್ತೆ, ಶಟರ್ ಕೂಡ ಅದರೊಳಗೇ. ಅದನ್ನ ಕಿತ್ತು ಬೇರೆ ಕಡೆ ಹಾಕ್ತೀನಿ ಅಂತ ಸ್ಕ್ರೂಡ್ರೈವರ್ ಹಿಡೀಬೇಡಿ. ಕ್ಯಾಮೆರಾನೂ ಹೋಗುತ್ತೆ, ಲೆನ್ಸೂ ಹೋಗುತ್ತೆ.

ಹಗಲು ಒಂದು, ರಾತ್ರಿ ಒಂದು

ಮೊದಲ ದಿನ ಕಬ್ಬಿನ ಹೊಲ, ಕಾಲುವೆ, ಮನೆಯ ಪಡಸಾಲೆ. ಎಫ್ 8ರಲ್ಲಿ ತೆಗೆದ ಚಿತ್ರಗಳನ್ನು ಫೋನಿನಲ್ಲಿ ಹಾಕಿ ಮನೆಯವರಿಗೆ ತೋರಿಸಿದೆವು. ಯಾವುದು ಹಳೆಯದು, ಯಾವುದು ಹೊಸದು ಅಂತ ಒಬ್ಬರೂ ಗುರುತಿಸಲಿಲ್ಲ. ನಾನೂ ಹೆಸರು ಮುಚ್ಚಿಟ್ಟು ನೋಡಿದರೆ ತಡವರಿಸಿದೆ.

ಎಫ್ 2ಕ್ಕೆ ತೆರೆದಾಗ ಇಬ್ಬರ ಗುಣ ಬೇರೆಯಾಯಿತು. ಜೂಪಿಟರ್‌ನಲ್ಲಿ ನಡುಭಾಗ ಚೊಕ್ಕ, ಅಂಚು ಮೆತ್ತಗೆ. ಬಾಗಿಲ ಬೆಳಕಿನಲ್ಲಿ ಕೂತ ಆಯಿಯ ಮುಖದ ಸುಕ್ಕು ಕಾಣ್ತದೆ, ಆದರೆ ಚುಚ್ಚೋದಿಲ್ಲ. ಹೊಸ ಲೆನ್ಸಿನಲ್ಲಿ ಒಂದೊಂದು ಗೆರೆಯೂ ಲೆಕ್ಕ ಕೊಡ್ತದೆ. “ಇದರಾಗ ಆಯಿ ಆಯಿ ಹಂಗ ಕಾಣ್ತಾಳ” ಅಂದ ತಮ್ಮ, ಹಳೆಯದನ್ನ ತೋರಿಸಿ. ನಿಜ ಇತ್ತು ಮಾತು.

ಗೋಕಾಕ ಜಲಪಾತದ ಮುಂದೆ ತಕ್ಕಡಿ ಆ ಕಡೆ ವಾಲಿತು. ಘಟಪ್ರಭಾ 52 ಮೀಟರ್ ಕೆಳಗೆ ಧುಮುಕುವ ಜಾಗ. ಮೇಲೆ ಬಿಳಿ ಆಕಾಶ, ಕೆಳಗೆ ಕಪ್ಪು ಬಂಡೆ. ಹಳೆ ಲೆನ್ಸಿನ ಲೇಪನ ತೆಳು. ಆಕಾಶದ ಬೆಳಕು ಗಾಜಿನೊಳಗೇ ಓಡಾಡಿ ಇಡೀ ಚಿತ್ರದ ಮೇಲೆ ಹಾಲಿನ ಕೆನೆಯಂಥ ಪರದೆ ಎಳೀತು. ಹೊಸದರಲ್ಲಿ ಬಂಡೆ ಬಂಡೆಯ ಬಣ್ಣದಲ್ಲೇ ಇತ್ತು. ಒಂದು ಹುಡ್ ಹಾಕಿದರೆ ಸ್ವಲ್ಪ ಸುಧಾರಿಸುತ್ತೆ, ಪೂರ್ತಿ ಅಲ್ಲ.

ರಾತ್ರಿ ಅಂಗಳದಲ್ಲಿ ದೀಪದ ಸರ ಹಾಕಿ ಮದುವೆಮನೆಯ ಬೆಳಕನ್ನೇ ಮಾಡಿಕೊಂಡೆವು. ಸರದ ಒಂದೊಂದು ಬಲ್ಬೂ ಹಳೆ ಲೆನ್ಸಿಗೆ ಒಂದೊಂದು ಪರೀಕ್ಷೆ. ಅದಕ್ಕಿಂತ ದೊಡ್ಡ ಪರೀಕ್ಷೆ ಫೋಕಸ್. ಎರಡು ಮೀಟರ್ ದೂರದಲ್ಲಿ ಎಫ್ 2 ಇಟ್ಟರೆ ಫುಲ್‌ಫ್ರೇಮಿನಲ್ಲಿ ಚೊಕ್ಕ ಕಾಣೋ ಆಳ ಸುಮಾರು 19 ಸೆಂಟಿಮೀಟರ್. ಒಂದು ಮೀಟರಿಗೆ ಬಂದರೆ 5 ಸೆಂಟಿಮೀಟರಿಗೂ ಕಡಿಮೆ. ಕೂತ ಆಯಿಗೆ ಇದು ಸಾಕು. ಓಡುವ ಮಗುವಿಗೆ ರಿಂಗು ತಿರುಗಿಸೋದರೊಳಗೆ ಮಗು ಆ 19 ಸೆಂಟಿಮೀಟರ್ ದಾಟಿರುತ್ತೆ. ಹೊಸ ಲೆನ್ಸು ಕಣ್ಣನ್ನೇ ಹಿಡಿದು ಬೆನ್ನು ಹತ್ತುತ್ತೆ.

ಇನ್ನು ಹತ್ತಿರದ ಚಿತ್ರ. ಜೂಪಿಟರ್ ಒಂದು ಮೀಟರಿಗಿಂತ ಒಳಗೆ ಬರೋದಿಲ್ಲ. ಸೋನಿಯ ಹೊಸ 50 ಎಂಎಂ 45 ಸೆಂಟಿಮೀಟರ್‌ವರೆಗೆ ಬರುತ್ತೆ. ಮೆಹಂದಿ, ತಾಳಿ, ಉಂಗುರ ಇವೆಲ್ಲ ಆ ನಡುವಿನ 55 ಸೆಂಟಿಮೀಟರಿನಲ್ಲೇ ಇರುತ್ತವೆ. ಉದ್ದವಾಗುವ ಹೆಲಿಕಾಯಿಡ್ ಅಡಾಪ್ಟರ್ ಹಾಕಿದರೆ ಹಳೆಯದೂ ಹತ್ತಿರ ಬರುತ್ತೆ. ಆದರೆ ಮಂಟಪದಲ್ಲಿ ತಿರುಗಿಸೋಕೆ ಇನ್ನೊಂದು ರಿಂಗು ಸೇರಿತು ಅಷ್ಟೇ.

ಬೆಲೆ ಕೊಡೋದು ಯಾರು?

ಹಳೆ ಲೆನ್ಸಿನ ಪರ ವಾದ ಮಾಡೋರು ಹಳೆಯ ಮಹಾನುಭಾವರ ಹೆಸರು ಹೇಳ್ತಾರೆ. ಹೆನ್ರಿ ಕಾರ್ಟಿಯೆ-ಬ್ರೆಸ್ಸನ್ 1948ರ ಜನವರಿಯಲ್ಲಿ ದೆಹಲಿಯಲ್ಲಿ ಗಾಂಧೀಜಿಯ ಕೊನೆಯ ದಿನಗಳನ್ನ ಚಿತ್ರಿಸಿದ್ದು ಲೈಕಾ ಹಿಡಿದೇ. 50 ಎಂಎಂ ಅವರ ಅಚ್ಚುಮೆಚ್ಚಿನ ಲೆನ್ಸು. ಸರಿ. ಆದರೆ ಅವತ್ತಿಗೆ ಆ ಲೆನ್ಸು ಹಳೆಯದಾಗಿರಲಿಲ್ಲವಲ್ಲ! ಓಡಾಡುತ್ತಾ ಚಿತ್ರ ತೆಗೆಯೋರಿಗೆ ಆಗ ಸಿಗುತ್ತಿದ್ದ ಒಳ್ಳೆಯ ಉಪಕರಣ ಅದು. ಅವರು ಕೆಲಸಕ್ಕೆ ತಕ್ಕದ್ದನ್ನ ಆರಿಸಿಕೊಂಡಿದ್ದರು, ನೆನಪಿಗೆ ತಕ್ಕದ್ದನ್ನಲ್ಲ.

ನನಗೆ ತಿಳಿದದ್ದು ಇಷ್ಟು. ಹಳೆ ಲೆನ್ಸು ರೊಕ್ಕದಲ್ಲಿ ಅಗ್ಗ, ವೇಳೆಯಲ್ಲಿ ತುಟ್ಟಿ. ಪರದೆಯನ್ನ ಜೂಮ್ ಮಾಡಿ ಫೋಕಸ್ ನೋಡಬೇಕು, ಕ್ಲಿಕ್ ಇಲ್ಲದ ಅಪರ್ಚರ್ ರಿಂಗು ಸರಿದಿದೆಯಾ ಅಂತ ಮತ್ತೆ ನೋಡಬೇಕು, ತಪ್ಪಿದರೆ ಇನ್ನೊಮ್ಮೆ ತೆಗೀಬೇಕು. ಈ ವೇಳೆ ನಮ್ಮದಾಗಿದ್ದರೆ ಅದಕ್ಕಿಂತ ಸುಖ ಇಲ್ಲ. ಆಯಿ ಇನ್ನೂ ಐದು ನಿಮಿಷ ಕೂತಾಳು. ಆದರೆ ಅಕ್ಕಿಕಾಳು ಬೀಳೋ ಗಳಿಗೆ ನಮ್ಮದಲ್ಲ, ಆ ಮನೆಯವರದ್ದು. “ಇನ್ನೊಮ್ಮೆ ಹಾಕ್ರಿ” ಅಂತ ಭಟ್ಟರಿಗೆ ಹೇಳೋಕಾಗಲ್ಲ. ಬಡಮನೆಯ ಹುಡುಗಿಯ ಮದುವೆಯಲ್ಲಿ ನಾವು ಉಳಿಸಿದ ಇಎಂಐ ಬೆಲೆಯನ್ನ ಆ ಹುಡುಗಿಯ ಆಲ್ಬಮ್ಮು ಕೊಡಬೇಕಾಗುತ್ತೆ. ಅದು ನ್ಯಾಯವಲ್ಲ.

ಇದನ್ನ ಕಾಕಾನಿಗೆ ಹೇಗೆ ಹೇಳೋದು ಅಂತ ನಾನು ಯೋಚಿಸ್ತಿದ್ದೆ. ರಾತ್ರಿಯ ಮಸುಕು ಚಿತ್ರಗಳನ್ನ ಒಂದೊಂದಾಗಿ ನೋಡಿ ಅವರೇ ಅಂದರು: “ನಮ್ಮ ಹೊಲಕ್ಕ ಮುದಿ ಎತ್ತು ನಡೀತಾವು. ಬಾಡಿಗಿಗೆ ಹೋಗೂ ಟ್ರ್ಯಾಕ್ಟರ್ ಮಾತ್ರ ಒಂದ ಸಲಕ್ಕ ಚಾಲೂ ಆಗಬೇಕು.”

ಮುಂಗಡದಲ್ಲಿ ಅರ್ಧ ಕಟ್ಟಿ, ಉಳಿದದ್ದಕ್ಕೆ ಆರು ಕಂತಿನ ಇಎಂಐ ಮಾಡಿ ಹೊಸ 50 ಎಂಎಂ ತಂದರು. ಜೂಪಿಟರ್ ವಾಪಸ್ ಟ್ರಂಕಿಗೆ ಹೋಗಲಿಲ್ಲ. ತಮ್ಮನ ಬ್ಯಾಗಿನಲ್ಲೇ ಇದೆ. ಮದುವೆಯ ಹಿಂದಿನ ದಿನ, ಅವಸರ ಇಲ್ಲದ ಹೊತ್ತಿನಲ್ಲಿ, ಮದುಮಗಳ ಅಜ್ಜ-ಅಜ್ಜಿಯರ ಚಿತ್ರ ಅದರಲ್ಲೇ ತೆಗೀತಾನೆ. ಬೆಳಕು ನೋಡೋದು, ದೂರ ಅಂದಾಜಿಸೋದು ಅದರಿಂದಲೇ ಕಲೀತಿದ್ದಾನೆ.

ನಿಮ್ಮ ಮನೆಯಲ್ಲೂ ಒಂದಿದ್ದರೆ

ಮೊದಲು ಲೆನ್ಸನ್ನ ಪೂರ್ತಿ ತೆರೆದು ಹಿಂದಿನಿಂದ ಓರೆಯಾಗಿ ಫೋನಿನ ಟಾರ್ಚ್ ಬಿಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಮಂಜು ಕಂಡರೆ ಹೇಜ್. ಮಂಜನ್ನ ಹೆಚ್ಚಾಗಿ ಒರೆಸಬಹುದು. ಫಂಗಸ್ ಗಾಜನ್ನೇ ತಿಂದಿದ್ದರೆ ಗುರುತು ಹೋಗೋದಿಲ್ಲ. ರಿಪೇರಿ ಖರ್ಚನ್ನೂ ಸೇರಿಸಿಯೇ “ಅಗ್ಗ” ಅನ್ನಿ.

ಮೌಂಟು ಯಾವುದು ಅಂತ ನೋಡಿ ಅಡಾಪ್ಟರ್ ತಗೊಳ್ಳಿ. ಕೀವ್ ಕ್ಯಾಮೆರಾದ ಜೂಪಿಟರ್ ನೋಡೋಕೆ ಇದೇ ಥರ ಇದ್ದರೂ ಅದರ ಮೌಂಟು ಬೇರೆ. ವೈಡ್ ಆಂಗಲ್ ಲೆನ್ಸಾದರೆ ಇನ್ನಷ್ಟು ಹುಷಾರು: ಜೂಪಿಟರ್-12ರ ಹಿಂದಿನ ಗಾಜು ಬಾಡಿಯೊಳಗೆ ತುಂಬಾ ಆಳಕ್ಕೆ ಹೋಗುತ್ತೆ. ಇಂಥ ವೈಡ್ ಲೆನ್ಸುಗಳ ಬೆಳಕು ಸೆನ್ಸರಿಗೆ ಓರೆಯಾಗಿ ಬೀಳೋದರಿಂದ ಮೂಲೆಗಳು ಕಲಸಿದಂತೆ ಕಾಣಬಹುದು. ಹೀಗಾಗಿ ವೈಡ್ ಬೇಕಿದ್ದರೆ ಹೊಸದೇ ವಾಸಿ. 50 ಎಂಎಂನಲ್ಲಿ ಈ ತೊಂದರೆ ಕಡಿಮೆ.

ಬಾಡಿಯ ಮೆನುವಿನಲ್ಲಿ “ಲೆನ್ಸ್ ಇಲ್ಲದೆ ಶಟರ್” ಆಯ್ಕೆ ಆನ್ ಮಾಡಿ. ಸ್ಟೆಬಿಲೈಸೇಶನ್ ಇದ್ದರೆ 50 ಅಂತ ನೀವೇ ತುಂಬಿ, ಲೆನ್ಸು ಅದನ್ನ ಹೇಳೋದಿಲ್ಲ. ಕ್ರಾಪ್ ಸೆನ್ಸರ್ ಬಾಡಿಯಲ್ಲಿ 50 ಎಂಎಂ ನೋಟ 75 ಎಂಎಂನಷ್ಟಾಗುತ್ತೆ ಅನ್ನೋದೂ ನೆನಪಿರಲಿ. ಜಾತ್ರೆಯ ಭಂಡಾರ ಹಾರೋ ಕಡೆ ಹಳೆಯದನ್ನ ಹೊರಗೆ ತೆಗೀಬೇಡಿ, ಅದಕ್ಕೆ ಧೂಳಿನ ಸೀಲ್ ಇಲ್ಲ. ಚರ್ಮದ ಕವರಿನಲ್ಲಿಟ್ಟು ಮರೀಬೇಡಿ, ತೇವ ಹಿಡಿಯೋದು ಅಲ್ಲೇ. ಸಿಲಿಕಾ ಜೆಲ್ ಹಾಕಿದ ಡಬ್ಬಿ ಸಾಕು.

ಕೈಯಿಂದಲೇ ಫೋಕಸ್ ಮಾಡೋ ಸುಖ ಬೇಕು, ಫಂಗಸ್ಸಿನ ತಲೆನೋವು ಬೇಡ ಅನ್ನೋರಿಗೆ ನಡುದಾರಿಯೂ ಇದೆ. ಜಪಾನಿನ ಕೊಸಿನಾ ಕಂಪನಿ ಫೋಗ್ಟ್‌ಲೆಂಡರ್ ಹೆಸರಿನಲ್ಲಿ ಸೋನಿ, ನಿಕಾನ್ ಮೌಂಟುಗಳಿಗೇ ಹೊಸ ಮ್ಯಾನ್ಯುಯಲ್ ಲೆನ್ಸು ಮಾಡುತ್ತೆ. ಅಗ್ಗ ಅಲ್ಲ ಅಷ್ಟೇ.

ಕಾರ್ಡ್ ಸ್ವೈಪ್ ಮಾಡೋ ಮೊದಲು ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಚಿತ್ರ ತಪ್ಪಿದರೆ ನಷ್ಟ ಯಾರಿಗೆ? ನಿಮಗೆ ಮಾತ್ರ ಅಂತಾದರೆ ಟ್ರಂಕು ತೆಗೀರಿ. ಬೇರೆಯವರಿಗೆ ಅಂತಾದರೆ ಇಎಂಐ ಕಟ್ಟಿ.