ಸೇವೆಯೆಂದರೆ ಸಾಲದು

ಯುದ್ಧಕಾಲದಲ್ಲಿ ಸ್ತ್ರೀಯರು ಸೈನಿಕರಿಗಾಗಿ ಮಾಡಿದ ಕಾರ್ಯವನ್ನು ವರ್ಣಿಸುವಾಗ ನಾವು ಸಾಮಾನ್ಯವಾಗಿ ಬಳಸುವ ಶಬ್ದಗಳು ಎರಡು: ಕರುಣೆ ಮತ್ತು ಸೇವೆ. ಇವು ಗೌರವದ ಶಬ್ದಗಳೇ. ಆದರೆ ಇವುಗಳ ಮರೆಯಲ್ಲಿ ಆ ಸ್ತ್ರೀಯರ ವಿದ್ಯೆ ಅಡಗಿಹೋಗುತ್ತದೆಂಬುದು ನಮ್ಮ ಆಕ್ಷೇಪ.

ರೇಡಿಯಂ ಎಂದೊಡನೆ ಮೇರಿ ಕ್ಯೂರಿಯವರನ್ನು ನೆನೆಯದ ವಿಜ್ಞಾನ ವಿದ್ಯಾರ್ಥಿ ಇರಲಾರನು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಅವರು ಏನು ಮಾಡಿದರೆಂಬುದನ್ನು ಬಲ್ಲವರು ಮಾತ್ರ ಕಡಿಮೆ. ಕ್ಷ-ಕಿರಣಗಳನ್ನು ರಾಂಟ್ಗೆನ್ 1895ರಲ್ಲಿಯೇ ಕಂಡುಹಿಡಿದಿದ್ದನು; ನಗರಗಳ ಆಸ್ಪತ್ರೆಗಳಲ್ಲಿ ಅವುಗಳ ಉಪಯೋಗವೂ ನಡೆದಿತ್ತು. ರಣರಂಗದ ಸಮೀಪದಲ್ಲಿ ಆ ಸಲಕರಣೆ ಬಲು ವಿರಳ. ಗಾಯಾಳುವಿನ ಮೈಯಲ್ಲಿ ಹುದುಗಿದ ಗುಂಡನ್ನು ಶಸ್ತ್ರವೈದ್ಯರು ಅಂದಾಜಿನಿಂದಲೇ ತಡಕಬೇಕಾಗುತ್ತಿತ್ತು. ಕ್ಯೂರಿಯವರು ಮೋಟಾರು ಗಾಡಿಯೊಂದರಲ್ಲಿ ಕ್ಷ-ಕಿರಣ ಯಂತ್ರವನ್ನೂ ಡೈನಮೊವನ್ನೂ ಜೋಡಿಸಿದರು. ಗಾಡಿಯ ಎಂಜಿನ್ನೇ ಡೈನಮೊವನ್ನು ತಿರುಗಿಸುತ್ತಿದ್ದುದರಿಂದ ವಿದ್ಯುತ್ತಿಲ್ಲದ ಕಡೆಯಲ್ಲಿಯೂ ಯಂತ್ರ ನಡೆಯುತ್ತಿತ್ತು. ಇಂಥ ಸುಮಾರು 20 ಗಾಡಿಗಳೂ 200 ಸ್ಥಿರ ಕೇಂದ್ರಗಳೂ ಅವರ ಪ್ರಯತ್ನದಿಂದ ಸಿದ್ಧವಾದವು. (ಅದೇ ಫ್ರಾನ್ಸಿನ ವಿಜ್ಞಾನ ಅಕಾಡೆಮಿ 1911ರಲ್ಲಿ ಅವರನ್ನು ಸದಸ್ಯರನ್ನಾಗಿ ಆರಿಸಿರಲಿಲ್ಲವೆಂಬುದನ್ನು ಇಲ್ಲಿ ಹೇಳದಿರಲಾರೆವು.)

ನೆರಳನ್ನು ನೋಡಿದ ಮಾತ್ರಕ್ಕೆ ಗುಂಡು ಎಷ್ಟು ಆಳದಲ್ಲಿದೆಯೆಂದು ತಿಳಿಯದು. ಕ್ಷ-ಕಿರಣದ ನಳಿಗೆಯನ್ನು ಗೊತ್ತಾದ ದೂರ ಸರಿಸಿದರೆ ತೆರೆಯ ಮೇಲೆ ಗುಂಡಿನ ನೆರಳೂ ಸರಿಯುತ್ತದೆ. ನಳಿಗೆ ಸರಿದ ದೂರ, ನೆರಳು ಸರಿದ ದೂರ, ನಳಿಗೆಗೂ ತೆರೆಗೂ ಇರುವ ಅಂತರ, ಈ ಮೂರನ್ನು ಅಳೆದರೆ ಸಮರೂಪ ತ್ರಿಭುಜಗಳ ನಿಯಮದಿಂದ ಆಳ ದೊರೆಯುತ್ತದೆ. ಪ್ರೌಢಶಾಲೆಯ ರೇಖಾಗಣಿತವೇ! ಆದರೆ ಅದನ್ನು ಕತ್ತಲೆ ಕೋಣೆಯಲ್ಲಿ, ನರಳುವ ಮನುಷ್ಯನ ಪಕ್ಕದಲ್ಲಿ ನಿಂತು, ತಪ್ಪಿಲ್ಲದೆ ಮಾಡಬೇಕು. ಸುಮಾರು 150 ಸ್ತ್ರೀಯರು ಪ್ಯಾರಿಸಿನ ರೇಡಿಯಂ ಸಂಸ್ಥೆಯಲ್ಲಿ ವಿದ್ಯುತ್ತು, ಅಂಗರಚನೆ, ಛಾಯಾಗ್ರಹಣಗಳನ್ನು ಕಲಿತು ಈ ಕೆಲಸಕ್ಕೆ ಹೊರಟರು. ಅವರಿಗೆ ಕಲಿಸಿದವರಲ್ಲಿ ಕ್ಯೂರಿಯವರ ಮಗಳು ಐರೀನ್ ಒಬ್ಬಳು. ಯುದ್ಧದ ಮೊದಲ ವರ್ಷದಲ್ಲಿ ಆಕೆಗೆ 17 ವಯಸ್ಸು. ಯುದ್ಧ ಮುಗಿಯುವ ವೇಳೆಗೆ ಫ್ರಾನ್ಸಿನಲ್ಲಿ ಹತ್ತು ಲಕ್ಷಕ್ಕೂ ಮಿಕ್ಕು ಕ್ಷ-ಕಿರಣ ಪರೀಕ್ಷೆಗಳು ನಡೆದಿದ್ದವು.

ಕಿರಣಗಳಿಂದ ಕಾಪಾಡಿಕೊಳ್ಳುವ ಸಾಧನಗಳು ಆಗ ತೀರ ಅಲ್ಪ. ತಾಯಿ 1934ರಲ್ಲಿ ರಕ್ತಹೀನತೆಯ ಘೋರರೂಪವೊಂದರಿಂದಲೂ, ಮಗಳು 1956ರಲ್ಲಿ ರಕ್ತದ ಕ್ಯಾನ್ಸರಿನಿಂದಲೂ ತೀರಿಕೊಂಡರು. ಪ್ರಯೋಗಶಾಲೆಯ ವಿಕಿರಣದೊಡನೆ ಯುದ್ಧದ ಆ ವರ್ಷಗಳ ಕ್ಷ-ಕಿರಣಗಳೂ ಇದಕ್ಕೆ ಕಾರಣವಾಗಿರಬಹುದೆಂದು ತಜ್ಞರು ಭಾವಿಸುತ್ತಾರೆ.

ನಮ್ಮ ಪಠ್ಯಪುಸ್ತಕಗಳಲ್ಲಿ ಕ್ಯೂರಿಯವರ ಪ್ರಯೋಗಶಾಲೆಯ ಚಿತ್ರದ ಪಕ್ಕದಲ್ಲಿ ಆ ಮೋಟಾರು ಗಾಡಿಯ ಚಿತ್ರವೂ ಇರಲಿ. ಸಮರೂಪ ತ್ರಿಭುಜಗಳನ್ನು ಕಲಿಸುವ ಉಪಾಧ್ಯಾಯರಲ್ಲಿಯೂ ನಮ್ಮದೊಂದು ಬಿನ್ನಹ: ಗೋಪುರದ ಎತ್ತರವನ್ನು ಅಳೆಯುವ ಲೆಕ್ಕ ಮುಗಿದ ಮೇಲೆ ಈ ಗುಂಡಿನ ಲೆಕ್ಕವನ್ನೂ ಒಮ್ಮೆ ಕೊಟ್ಟು ನೋಡಲಿ.