ಮಳೆಯ ಲೆಕ್ಕದ ಜೊತೆ ಚಳಿಯ ಲೆಕ್ಕವೂ ಇರಲಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದಲ್ಲಿ ಬೆಳೆ ಕೈಕೊಟ್ಟರೆ ಮೊದಲು ಬರುವುದು ಮಳೆಯ ಮಾತು. ಹಿಂಗಾರಿನಲ್ಲಿ ಕೊಳವೆಬಾವಿ ನಂಬಿ ಬೀನ್ಸ್ ಬಿತ್ತುವವರಿಗೆ ಆ ಲೆಕ್ಕವೊಂದೇ ಸಾಲದು. ನೀರು, ಗೊಬ್ಬರ ಎಲ್ಲ ಸರಿಯಿದ್ದೂ ಡಿಸೆಂಬರಿನಲ್ಲಿ ಸಸಿ ಮೇಲೇಳದೆ ಎಲೆ ಬಿಳಿಚಿಕೊಂಡರೆ, ರೋಗವೆಂದು ಔಷಧಿ ಹೊಡೆಯುವ ಮುನ್ನ ರಾತ್ರಿಯ ಉಷ್ಣಾಂಶ ಎಷ್ಟಿತ್ತೆಂದು ನೋಡಬೇಕು.

ಬೀನ್ಸ್‌ನ ಮೂಲ ಮಧ್ಯ ಅಮೆರಿಕ ಮತ್ತು ಆಂಡಿಸ್ ಸೀಮೆ. ಚಳಿ ಅದಕ್ಕೆ ಒಗ್ಗುವುದಿಲ್ಲ. ಉಷ್ಣಾಂಶ 15 ಡಿಗ್ರಿಗಿಂತ ಕೆಳಗಿಳಿದರೆ ಬೆಳವಣಿಗೆ ಕುಂಟುತ್ತದೆ, 10ರ ಆಸುಪಾಸಿಗೆ ಬಂದರೆ ಸಸಿಗೇ ಪೆಟ್ಟು. ತಣ್ಣಗಾದ ಮಣ್ಣಿನಲ್ಲಿ ಬೇರು ನೀರೆಳೆಯುವುದು ನಿಧಾನ, ಎಲೆಯ ರಂಧ್ರಗಳೂ ಬೇಗ ಮುಚ್ಚಿಕೊಳ್ಳುವುದಿಲ್ಲ. ಹಾಗಾಗಿ ಹಸಿ ನೆಲದಲ್ಲೇ ಸಸಿ ಬಾಡುತ್ತದೆ. ಬೆಳಗಿನ ಬಿಸಿಲು ಚುರುಕಾಗಿದ್ದರಂತೂ ತೊಂದರೆ ಇನ್ನೂ ಹೆಚ್ಚು. ಪತ್ರಹರಿತ್ತು ಬೆಳಕನ್ನು ಹೀರುತ್ತಲೇ ಇರುತ್ತದೆ, ಆದರೆ ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯಾಗಿಸುವ ಕಿಣ್ವಗಳು ಚಳಿಗೆ ಜಡವಾಗಿರುತ್ತವೆ. ಬಳಕೆಯಾಗದೆ ಉಳಿದ ಬೆಳಕಿನ ಶಕ್ತಿ, ಬೆಳಕು ಹಿಡಿಯುವ ವ್ಯವಸ್ಥೆಯನ್ನೇ ಕೆಡಿಸುತ್ತದೆ.

ನಮ್ಮದೇನು ಹಿಮ ಬೀಳುವ ಸೀಮೆಯೇ ಎಂದು ಕೇಳಬಹುದು. ಅಲ್ಲ; ಇಲ್ಲಿನ ಚಳಿಗೆ ಹೊಲಕ್ಕೆ ಹೊಲವೇ ಸಾಯುವುದಿಲ್ಲ, ಬಿಸಿಲು ಕಾದಂತೆ ಸಸಿ ಚೇತರಿಸಿಕೊಳ್ಳುವುದೂ ನಿಜ. ಆದರೆ ಎರಡು ತಿಂಗಳೊಳಗೆ ಕಾಯಿ ಕೊಡಬೇಕಾದ ಬೆಳೆಗೆ ಮೊದಲ ಮೂರೆಲೆ ಬಿಡುವ ಹೊತ್ತಿನಲ್ಲೇ ವಾರ ಹಿನ್ನಡೆಯಾದರೆ ಮಾರುಕಟ್ಟೆಯ ದರವೂ ಕೈತಪ್ಪಬಹುದು. ಮುಂಗಾರಿನ ಗೋವಿನಜೋಳ ಕಟಾವಾಗದೆ ಹೊಲ ಖಾಲಿಯಾಗದು, ಚಳಿ ತಪ್ಪಿಸಲು ಬೇಗ ಬಿತ್ತುವುದು ಹೇಗೆ ಎಂಬ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಆಗುವವರು ಚಿತ್ತಿ ಮಳೆಯ ಹೊತ್ತಿಗೇ ಬಿತ್ತಲಿ. ತಡವಾದವರು ಬಿಸಿಲೇರಿದ ಮೇಲೆ ಬಿತ್ತಿ ಆಗಲೇ ನೀರು ಕೊಡಲಿ. ಬೀಜ ಮೊದಲ ಕೆಲವು ತಾಸು ತಣ್ಣೀರು ಹೀರಿದರೆ ಅದರ ಜೀವಕೋಶಗಳ ಪೊರೆಯೇ ಹಾಳಾಗುತ್ತದೆ. ಅದಕ್ಕೂ ತಡವಾದರೆ ನಮ್ಮ ಚಳಿಗೆ ಒಗ್ಗಿದ ಅವರೆಯೇ ಮೇಲು.

ಚಳಿಯ ಲೆಕ್ಕ ಇಡಲು ಹೊಸ ಯಂತ್ರವೇನೂ ಬೇಕಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿ ಮಟ್ಟದ ಹವಾಮಾನ ಕೇಂದ್ರಗಳು ಉಷ್ಣಾಂಶವನ್ನೂ ದಾಖಲಿಸುತ್ತವೆ, ‘ವರುಣಮಿತ್ರ’ ಸಹಾಯವಾಣಿಯೂ ಇದೆ. ಅಕ್ಕಿಆಲೂರು, ಬಂಕಾಪುರ, ಹತ್ತಿಮತ್ತೂರು, ಹಂಸಭಾವಿಯ ರೈತರಿಗೆ ಬರೀ ಡಿಗ್ರಿ ಹೇಳಿದರೆ ಉಪಯೋಗವಿಲ್ಲ. ಈ ವಾರ ಬೀನ್ಸ್ ಬಿತ್ತಬೇಕೇ, ಬೇಡವೇ ಎಂಬುದನ್ನು ರೈತ ಸಂಪರ್ಕ ಕೇಂದ್ರಗಳು ನವೆಂಬರಿನಿಂದಲೇ ಹೇಳಬೇಕು.