ಹಣೆಬರಹವಲ್ಲ, ವೇಗ



ಓಣಿಯಲ್ಲಿ ಗಾಡಿ ಬಡಿದು ಮಗುವೊಂದು ತೀರಿಕೊಂಡರೆ ನಮ್ಮ ಊರುಗಳಲ್ಲಿ ಕೇಳಿಬರುವ ಮೊದಲ ಮಾತು, ‘ಅದರ ಹಣ್ಯಾಗ ಬರದಿತ್ತು’. ಎರಡನೆಯದು, ‘ಅವತ್ತ ಅಮಾಸಿ ಇತ್ತು’. ಗಾಡಿ ಎಷ್ಟು ಜೋರಾಗಿ ಬಂದಿತ್ತು ಎಂದು ಕೇಳುವವರು ಕಡಿಮೆ. ಹಣೆಬರಹವನ್ನೂ ತಿಥಿ-ಮುಹೂರ್ತಗಳನ್ನೂ ತಳ್ಳಿ ಅರಿವನ್ನು ಗುರುವಾಗಿ ಕಂಡ ಶರಣರ ಹೆಸರಿನಲ್ಲಿ ನಡೆಯುವ ಪತ್ರಿಕೆ ಇದು. ಆದ್ದರಿಂದ ಆ ಪ್ರಶ್ನೆಯನ್ನು ಇಲ್ಲಿ ನಾನು ಕೇಳುತ್ತೇನೆ.

ಲೆಕ್ಕ ಸರಳವಾಗಿದೆ. ಎದುರಿಗೆ 15 ಮೀಟರ್ ದೂರದಲ್ಲಿ ಮಗು ಚೆಂಡಿನ ಹಿಂದೆ ಓಡಿ ಬಂತೆನ್ನಿ. ಕಂಡದ್ದು ಮನಸ್ಸಿಗೆ ತಿಳಿದು ಕಾಲು ಬ್ರೇಕ್ ತುಳಿಯಲು ಸುಮಾರು ಒಂದು ಸೆಕೆಂಡು ಬೇಕು. ತಾಸಿಗೆ 30 ಕಿ.ಮೀ. ವೇಗದ ಕಾರು ಆ ಸೆಕೆಂಡಿನಲ್ಲಿ 8 ಮೀಟರ್ ಬರುತ್ತದೆ, ಬ್ರೇಕ್ ಹಿಡಿದ ಮೇಲೆ ಇನ್ನೂ 5 ಮೀಟರ್ ಜಾರಿ ನಿಲ್ಲುತ್ತದೆ. ಮಗು ಉಳಿಯುತ್ತದೆ. 60ರ ವೇಗದ ಕಾರಾದರೆ ಅದೇ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ದಾಟುತ್ತದೆ. ಅಂದರೆ ಕಾಲು ಬ್ರೇಕಿಗೆ ಮುಟ್ಟುವ ಮೊದಲೇ ಮಗುವಿಗೆ ಪೂರ್ತಿ ವೇಗದಲ್ಲಿ ಬಡಿದಿರುತ್ತದೆ. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟು. ಇದರಲ್ಲಿ ಅಮಾವಾಸ್ಯೆಗೆ ಜಾಗವೆಲ್ಲಿದೆ?

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 32,825 ಜನ ಕಾಲ್ನಡಿಗೆಯವರು. ನೂರು ಸಾವುಗಳಲ್ಲಿ ಸುಮಾರು 71ಕ್ಕೆ ಅತಿವೇಗವೇ ಕಾರಣವೆಂದು ಅದೇ ವರದಿ ಹೇಳುತ್ತದೆ.

ಕಾಖಂಡಕಿಯ ಕಾರಹುಣ್ಣಿಮೆಯ ಕರಿ ನೋಡಲು ಸುತ್ತಲಿನ ಊರುಗಳ ಜನ ಬರುತ್ತಾರೆ. ಹೋರಿಗಳು ಓಣಿಯಲ್ಲಿ ಓಡುವ ಆ ದಿನ ತಾಯಂದಿರು ಮಕ್ಕಳನ್ನು ಮಾಳಿಗೆ ಹತ್ತಿಸುತ್ತಾರೆ. ಹೋರಿಯ ತೂಕ ನಾಲ್ಕೈದು ಕ್ವಿಂಟಲ್. ಕಾರಿನದು ಅದರ ಎರಡು ಪಟ್ಟು. ಹೋರಿ ಓಡುವುದು ವರ್ಷಕ್ಕೊಮ್ಮೆ, ಕಾರು ದಿನವೂ ಓಡುತ್ತದೆ. ಮಕ್ಕಳನ್ನು ದಿನವೂ ಮಾಳಿಗೆಯ ಮೇಲೆ ಕೂಡಿಸಿಡಲು ಬರುವುದಿಲ್ಲ. ಗಾಡಿಯನ್ನೇ ನಿಧಾನ ಮಾಡಬೇಕು.

ನಮ್ಮ ಭಾಗಕ್ಕೆ ಕಾಲುವೆ ನೀರು ಬಂತು, ಕಬ್ಬು ಮತ್ತು ದ್ರಾಕ್ಷಿ ಬಂದವು, ಹಿಂದೆಯೇ ಕಾರು, ಕ್ರೂಸರ್, ಟ್ರ್ಯಾಕ್ಟರ್ ಬಂದವು. ಇದಕ್ಕೆ ನಾನು ಹೊಟ್ಟೆಕಿಚ್ಚು ಪಡುವವನಲ್ಲ. ದುಡಿದವರು ಕಾರು ಏರಲಿ. ಆದರೆ ಜಮಖಂಡಿ ರಸ್ತೆಯಲ್ಲಿ ಬಂದ ವೇಗದಲ್ಲೇ ಊರೊಳಗೆ ನುಗ್ಗಬಾರದು. ಓಣಿ ಎಂದರೆ ಅಂಗಳ. ಅಲ್ಲಿ ಅಜ್ಜಿ ಶೇಂಗಾ ಒಣಹಾಕುತ್ತಾಳೆ, ಎಮ್ಮೆ ಅಡ್ಡ ಬರುತ್ತದೆ, ಮಕ್ಕಳು ಗೋಲಿ ಆಡುತ್ತಾರೆ. ಅಲ್ಲಿ ಗಾಡಿಯೇ ಅತಿಥಿ.

‘ನಮಗ ಅರ್ಜೆಂಟ್ ಇರತೈತ್ರಿ’ ಎನ್ನುವವರಿಗೂ ಒಂದು ಲೆಕ್ಕ. ಅರ್ಧ ಕಿಲೋಮೀಟರ್ ಓಣಿ ದಾಟಲು 60ರಲ್ಲಿ ಅರ್ಧ ನಿಮಿಷ, 30ರಲ್ಲಿ ಒಂದು ನಿಮಿಷ. ಉಳಿಯುವುದು ಅರ್ಧ ನಿಮಿಷ ಮಾತ್ರ.

ಕಾನೂನು ತಾನಾಗಿ ಕಾಯುತ್ತದೆಂದು ಕೂಡುವಂತಿಲ್ಲ. 2018ರ ಏಪ್ರಿಲ್ 6ರ ಕೇಂದ್ರದ ಅಧಿಸೂಚನೆಯಲ್ಲಿ ನಗರ ವ್ಯಾಪ್ತಿಯ ರಸ್ತೆಗಳಲ್ಲೂ ಕಾರಿಗೆ ಗರಿಷ್ಠ 70 ಕಿ.ಮೀ. ಎಂದಿದೆ. ಆದರೆ ಮೋಟಾರು ವಾಹನ ಕಾಯ್ದೆಯ 112ನೇ ಕಲಮು ಇದಕ್ಕಿಂತ ಕಡಿಮೆ ಮಿತಿ ಹಾಕುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೂ ಅದು ನೇಮಿಸಿದ ಪ್ರಾಧಿಕಾರಕ್ಕೂ ಕೊಟ್ಟಿದೆ. ಆ ಬಾಗಿಲನ್ನು ನಾವು ಬಡಿಯಬೇಕು.

2015ರ ನವೆಂಬರ್ 14ರಂದು ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣವಾದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಪ್ರತಿಮೆಯ ಪಕ್ಕದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ರಸ್ತೆಯಲ್ಲಿ 2020ರ ಮಾರ್ಚ್‌ನಿಂದ ವೇಗದ ಮಿತಿ ತಾಸಿಗೆ 20 ಮೈಲಿ, ಅಂದರೆ ಸುಮಾರು 32 ಕಿ.ಮೀ. ಅಲ್ಲಿ ಬಸವಣ್ಣನವರ ಮುಂದೆ ಗಾಡಿಗಳು ನಿಧಾನವಾಗಿ ಹೋಗುತ್ತವೆ. ಇಲ್ಲಿ ಬಸವಣ್ಣನವರ ಚಿತ್ರವನ್ನೇ ಹಿಂದಿನ ಗಾಜಿಗೆ ಅಂಟಿಸಿಕೊಂಡ ಗಾಡಿಗಳು ಸಾಲಿ ಬಿಡುವ ಹೊತ್ತಿನಲ್ಲಿ ಹಾರ್ನ್ ಒತ್ತುತ್ತ ನುಗ್ಗುತ್ತವೆ. ಬಸವಣ್ಣ ಹುಟ್ಟಿದ ಜಿಲ್ಲೆಯವರು ನಾವು.

ಪಂಚಾಚಾರಗಳಲ್ಲಿ ಸದಾಚಾರವೂ ಇದೆ, ಗಣಾಚಾರವೂ ಇದೆ. ಓಣಿಯಲ್ಲಿ ತಾನೇ ವೇಗ ಇಳಿಸುವುದು ಸದಾಚಾರ. ಇಳಿಸದವನನ್ನು ಕಂಡೂ ಸುಮ್ಮನಿರದಿರುವುದು ಗಣಾಚಾರ. ಸಾಹುಕಾರರ ಮಗ, ನಮ್ಮವನೇ ಎಂದು ಬಾಯಿ ಮುಚ್ಚಿಕೊಂಡರೆ ಎರಡೂ ಉಳಿಯುವುದಿಲ್ಲ.

ಮಾಡಬಹುದಾದ ಕೆಲಸಗಳು ಕೈಗೆಟುಕುವಂಥವೇ. ಬರುವ ಗ್ರಾಮಸಭೆಯಲ್ಲಿ ಊರೊಳಗೆ 30, ಶಾಲೆ ಮತ್ತು ಅಂಗನವಾಡಿ ಮುಂದೆ 20 ಕಿ.ಮೀ. ಮಿತಿ ಬೇಕೆಂದು ಠರಾವು ಮಾಡಿ ಜಿಲ್ಲಾಧಿಕಾರಿಗಳಿಗೆ ಕಳಿಸಿರಿ. ಬಬಲೇಶ್ವರ, ತಿಕೋಟಾಗಳೂ ವಿಜಯಪುರದ ಬಡಾವಣೆಗಳೂ ಇದನ್ನು ಕೇಳಲಿ. ರಾತ್ರೋರಾತ್ರಿ ಸಿಮೆಂಟಿನ ಗುಡ್ಡ ಎಬ್ಬಿಸಬೇಡಿರಿ, ಅದರಿಂದ ಬೈಕಿನವರು ಬೀಳುತ್ತಾರೆ. 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲದ ಪ್ರಮಾಣಬದ್ಧ ಉಬ್ಬನ್ನು ಬಿಳಿ ಪಟ್ಟೆ ಮತ್ತು ಫಲಕದೊಂದಿಗೆ ಕೇಳಿರಿ. ಹದಿನೆಂಟು ತುಂಬದ ಮಗನ ಕೈಗೆ ಕಾರಿನ ಕೀಲಿ ಕೊಡುವ ತಂದೆಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆವಾಸ ಇದೆಯೆಂಬುದೂ ಮನೆಮನೆಗೆ ತಿಳಿಯಲಿ.

ಇನ್ನು ಮಠಗಳ ಪೂಜ್ಯರಲ್ಲಿ ಒಂದು ವಿನಂತಿ. ಮೊದಲು ಮಠದ ಗಾಡಿ ನಿಧಾನವಾಗಲಿ. ಅಪ್ಪಾ ಅವರನ್ನು ಕಾರ್ಯಕ್ರಮಕ್ಕೆ ಮುಟ್ಟಿಸುವ ಅವಸರದಲ್ಲಿ ಹಿಂದೆ ಮುಂದೆ ಸಾಲುಗಟ್ಟಿ ಓಡುವ ಭಕ್ತರ ಕಾರುಗಳಿಗೂ ಅದೇ ಅಪ್ಪಣೆಯಾಗಲಿ. ಸಭೆ ಹತ್ತು ನಿಮಿಷ ತಡವಾದರೆ ಯಾರೂ ಸಾಯುವುದಿಲ್ಲ. ಹೊಸ ಕಾರು ತಂದವರು ಮಠದ ಮುಂದೆ ನಿಲ್ಲಿಸಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಆಶೀರ್ವಾದ ಬೇಡುತ್ತಾರೆ. ಆ ನಿಂಬೆಹಣ್ಣನ್ನು ಬದಿಗಿರಿಸಿ, ಓಣಿಯಲ್ಲಿ 30 ದಾಟಿಸುವುದಿಲ್ಲವೆಂದು ಅವರಿಂದ ಒಂದು ಮಾತು ತೆಗೆದುಕೊಳ್ಳಿರಿ. ಆಮೇಲೆ ಹೂವು ಏರಿಸಿರಿ.